ನಮ್ಮೂರ ಹೆಸರು, ಒಂದೊಂದೇ ಫ್ರೇಮು

ಈ ಸಲದ ರಾಜ್ಯೋತ್ಸವಕ್ಕೆ ನಮ್ಮ ಕನ್ನಡ ಬಳಗ ಮಾಡಿದ ವಿಡಿಯೊ ನಿಮ್ಮಲ್ಲಿ ಬಹಳ ಜನ ನೋಡಿದ್ದೀರಿ. ಚೊಲೋ ಆಗೇದ ಅಂತ ಹೇಳಿದವರಿಗೆಲ್ಲ ಥ್ಯಾಂಕ್ಸ್. ಹೆಚ್ಚಿನವರು ಹೊಗಳಿದ್ದು ಕೆರೆ ಮೇಲಿನ ಡ್ರೋನ್ ಶಾಟ್‌ಗಳನ್ನ. ಅದರಲ್ಲಿ ಬಂದು ಹೋದ ಐದು ಟೈಟಲ್‌ಗಳ ಬಗ್ಗೆ ಯಾರೂ ಏನೂ ಹೇಳಲಿಲ್ಲ: ಅಣ್ಣಿಗೇರಿ, ಕುಂದಗೋಳ, ನವಲಗುಂದ, ಕಲಘಟಗಿ, ಕೊನೆಗೆ ಕರ್ನಾಟಕ. ಟೈಟಲ್ ಕಣ್ಣಿಗೆ ಚುಚ್ಚಲಿಲ್ಲ ಅಂದ್ರ ಕೆಲಸ ಸರಿ ಆಗಿದೆ ಅಂತಲೇ ನಾವು ತಿಳ್ಕೊಂಡಿದ್ದೇವೆ. ಆದ್ರ ಮುಂದಿನ ವರ್ಷ ಈ ಕೆಲಸ ಜೂನಿಯರ್‌ಗಳ ಕೈಗೆ ಬರುತ್ತದೆ. ಅವರಿಗೆ ಒಂದಿಷ್ಟು ಬರೆದಿಡೋಣ ಅಂತ ಕೂತಿದ್ದೇವೆ.

ನಾವು ಅಂದ್ರ ನಾಲ್ಕು ಜನ. ಎಲ್ಲರೂ ಧಾರವಾಡ ಜಿಲ್ಲೆಯ ಹಳ್ಳಿ ಕಡೆಯವರು, ಎಲ್ಲರೂ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಕನ್ನಡ ಅಂದ್ರ ನಮಗೆ ಮನೆಯ ಮಾತು, ಬಸ್‌ಸ್ಟ್ಯಾಂಡಿನ ಮಾತು, ಮತ್ತು ಪರೀಕ್ಷೆಗೆ ಒಂದು ಸಬ್ಜೆಕ್ಟು. ವಾಟ್ಸಾಪಿನಲ್ಲಿ ಕನ್ನಡವನ್ನೂ ಇಂಗ್ಲಿಷ್ ಅಕ್ಷರದಲ್ಲೇ ಹೊಡೀತೇವಿ. ಅಂಥವರು ಕೂತು ಒಂದೊಂದು ಕನ್ನಡ ಅಕ್ಷರವನ್ನ ಬಿಚ್ಚಿ, ಮತ್ತೆ ಜೋಡಿಸಿ, ಕುಣಿಸೋ ಕೆಲಸಕ್ಕೆ ಇಳಿದದ್ದು ಹೇಗೆ ಅನ್ನೋದೇ ಈ ಲೇಖನ.

ಮೊದಲು ಕೀಫ್ರೇಮ್ ಅಂದ್ರೇನು ಅಂತ ಹೇಳಿಬಿಡೋಣ. ಕೈಯಿಂದ ಚಿತ್ರ ಬರೆದು ಕಾರ್ಟೂನ್ ಮಾಡ್ತಿದ್ದ ಕಾಲದಲ್ಲಿ ಹಿರಿಯ ಕಲಾವಿದರು ಒಂದು ಚಲನೆಯ ಮುಖ್ಯ ಭಂಗಿಗಳನ್ನಷ್ಟೇ ಬರೀತಿದ್ದರು. ಕೈ ಕೆಳಗಿದೆ, ಕೈ ಮೇಲಿದೆ, ಅಷ್ಟೇ. ನಡುವಿನ ಹತ್ತಾರು ಚಿತ್ರಗಳನ್ನ ಕಿರಿಯರು ತುಂಬುತ್ತಿದ್ದರು. ಆ ಮುಖ್ಯ ಚಿತ್ರಗಳೇ ಕೀಫ್ರೇಮ್. ನಡುವಿನದನ್ನ ಕಂಪ್ಯೂಟರೇ ತುಂಬಲಿ ಅನ್ನೋ ಕೆಲಸವನ್ನ ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ನೆಸ್ಟರ್ ಬರ್ಟ್‌ನಿಕ್ ಮತ್ತು ಮಾರ್ಸೆಲಿ ವೈನ್ ಮಾಡಿದರು. ಅವರ ಪ್ರೋಗ್ರಾಮ್ ಬಳಸಿ ಪೀಟರ್ ಫೋಲ್ಡೆಸ್ 1974ರಲ್ಲಿ ‘ಹಂಗರ್’ ಅನ್ನೋ ಕಿರುಚಿತ್ರ ಮಾಡಿದರು. ಇವತ್ತು ನಾವು ಲ್ಯಾಪ್‌ಟಾಪಿನಲ್ಲಿ ಮಾಡೋದೂ ಅದನ್ನೇ. 1ನೇ ಫ್ರೇಮಿನಲ್ಲಿ ಅಕ್ಷರ ಇಲ್ಲಿರಲಿ, 48ನೇ ಫ್ರೇಮಿನಲ್ಲಿ ಅಲ್ಲಿರಲಿ ಅಂತ ಎರಡು ಗುರುತು ಹಾಕಿದ್ರ ನಡುವಿನ 46 ಫ್ರೇಮು ಸಾಫ್ಟ್‌ವೇರ್ ಲೆಕ್ಕ ಹಾಕಿಕೊಳ್ಳುತ್ತದೆ. ಬ್ಲೆಂಡರ್‌ನಲ್ಲಿ ಸುಮ್ನೆ ಬಿಟ್ಟರೆ ಸೆಕೆಂಡಿಗೆ 24 ಫ್ರೇಮು. ಅಂದ್ರ ಇದು ಎರಡು ಸೆಕೆಂಡಿನ ಚಲನೆ. ಜಾಗ, ಅಳತೆ, ತಿರುವು, ಪಾರದರ್ಶಕತೆ, ಯಾವುದಕ್ಕೆ ಬೇಕಾದರೂ ಕೀಫ್ರೇಮ್ ಹಾಕಬಹುದು.

ಇಷ್ಟೇ ಆಗಿದ್ದರೆ ಒಂದು ಸಂಜೆಯ ಕೆಲಸ. ಟೈಟಲ್‌ಗೆ ಅಂತಲೇ ರೆಡಿಮೇಡ್ ಎಫೆಕ್ಟ್‌ಗಳು ಸಿಗುತ್ತವೆ. ಟೈಪ್‌ರೈಟರ್ ಎಫೆಕ್ಟ್ ಹಾಕಿದ್ರ ಅಕ್ಷರಗಳು ಒಂದೊಂದಾಗಿ ಬಂದು ಕೂಡ್ತಾವ. ನಮ್ಮ ಹತ್ತಿರ ಇದ್ದ ಒಂದು ಸಾಫ್ಟ್‌ವೇರಿನಲ್ಲಿ ‘ಅಣ್ಣಿಗೇರಿ’ ಅಂತ ಕನ್ನಡದಲ್ಲಿ ಹೊಡೆದು ಆ ಎಫೆಕ್ಟ್ ಹಾಕಿದ್ವಿ. ಮೊದಲು ‘ಅ’ ಬಂತು. ಆಮೇಲೆ ‘ಅಣ’. ಆಮೇಲೆ ‘ಅಣ್’. ಆಮೇಲೆ ‘ಅಣ್ಣ’. ಆಮೇಲೆ ‘ಅಣ್ಣಿ’. ಊರು ಬರೋಕಿಂತ ಮೊದಲು ಯಾರೋ ಅಣ್ಣ ಬಂದು ಮುಖ ತೋರಿಸಿ ಹೋದಂಗಾತು. ಇನ್ನೊಂದು ಎಫೆಕ್ಟ್ ಹಾಕಿದ್ವಿ, ಅದರಲ್ಲಿ ಪ್ರತಿ ಅಕ್ಷರ ಬೇರೆ ಬೇರೆ ದಿಕ್ಕಿನಿಂದ ಹಾರಿ ಬರಬೇಕು. ಅಲ್ಲಿ ‘ಣ್’ ಒಂದು ಕಡೆಯಿಂದ, ‘ಣಿ’ ಇನ್ನೊಂದು ಕಡೆಯಿಂದ ಬಂದು ಪಕ್ಕಪಕ್ಕ ನಿಂತುಬಿಟ್ಟವು. ಒತ್ತು ಕೆಳಗೆ ಹೋಗಲೇ ಇಲ್ಲ.

ಯಾಕೆ ಹಿಂಗ ಅಂತ ಹುಡುಕಿದಾಗ ಗೊತ್ತಾದದ್ದು ನಮ್ಮ ಲಿಪಿಯ ಒಳಗಿನ ಕಥೆ. ಯೂನಿಕೋಡಿನಲ್ಲಿ ‘ಅಣ್ಣಿಗೇರಿ’ ಅಂದ್ರ ಒಂಬತ್ತು ಸಂಕೇತಗಳು: ಅ, ಣ, ಹಲಂತ, ಣ, ಗುಡಿಸು, ಗ, ಏಕಾರದ ಚಿಹ್ನೆ, ರ, ಗುಡಿಸು. ಆದ್ರ ಓದೋರ ಕಣ್ಣಿಗೆ ಅದು ನಾಲ್ಕೇ ಅಕ್ಷರ: ಅ, ಣ್ಣಿ, ಗೇ, ರಿ. ‘ಕುಂದಗೋಳ’ ಏಳು ಸಂಕೇತ, ನಾಲ್ಕು ಅಕ್ಷರ. ‘ನವಲಗುಂದ’ ಏಳು ಸಂಕೇತ, ಐದು ಅಕ್ಷರ. ‘ಕಲಘಟಗಿ’ ಆರು ಸಂಕೇತ, ಐದು ಅಕ್ಷರ. ‘ಹುಬ್ಬಳ್ಳಿ’ಯಂತೂ ಒಂಬತ್ತು ಸಂಕೇತಕ್ಕೆ ಮೂರೇ ಅಕ್ಷರ. ಇಂಗ್ಲಿಷ್‌ನಲ್ಲಿ ಒಂದು ಸಂಕೇತ ಅಂದ್ರ ಒಂದು ಅಕ್ಷರ, ಅದಕ್ಕ ಆ ಎಫೆಕ್ಟ್‌ಗಳು ಅಲ್ಲಿ ಸಲೀಸಾಗಿ ಕೆಲಸ ಮಾಡ್ತಾವ. ಕನ್ನಡದಲ್ಲಿ ಸಂಕೇತಗಳನ್ನ ಕೂಡಿಸಿ ಸರಿಯಾದ ಆಕಾರ ಕೊಡೋದಕ್ಕೆ ನಡುವೆ ಇನ್ನೊಂದು ಪ್ರೋಗ್ರಾಮ್ ಬೇಕು. ಅದನ್ನ ಶೇಪಿಂಗ್ ಎಂಜಿನ್ ಅಂತಾರೆ. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆ ಆಫೀಸ್ ಎಲ್ಲದರಲ್ಲೂ ಈ ಕೆಲಸ ಮಾಡೋದು ಹಾರ್ಫ್‌ಬಜ್ ಅನ್ನೋ ಮುಕ್ತ ತಂತ್ರಾಂಶ. ಹೆಸರು ಫಾರ್ಸಿಯದು. ನಮ್ಮ ನವಲಗುಂದದ ಗೆಳೆಯನಿಗೆ ಉರ್ದು ಬರ್ತದ, ಕೇಳಿದ ಕೂಡ್ಲೇ ಹೇಳಿದ: “ಹರ್ಫ್ ಅಂದ್ರ ಅಕ್ಷರ ಅಲೇನೋ!” ದಿನಾ ಫೋನಿನಲ್ಲಿ ಕನ್ನಡ ಓದೋ ನಮಗೆ, ಅದನ್ನ ಜೋಡಿಸಿ ಕೊಡೋದು ಯಾವುದು ಅಂತ ಅವತ್ತು ಗೊತ್ತಾತು.

ಅಕ್ಷರ ಎಲ್ಲಿ ಮುಗೀತದ ಅನ್ನೋದರ ಬಗ್ಗೆ ಯೂನಿಕೋಡಿನದೇ ನಿಯಮಗಳಿವೆ. 2023ರಲ್ಲಿ ಬಂದ 15.1 ಆವೃತ್ತಿಯಲ್ಲಿ ಒತ್ತಕ್ಷರವನ್ನ ಒಡೆಯಬಾರದು ಅಂತ ಒಂದು ಹೊಸ ನಿಯಮ ಸೇರಿಸಿದರು. ಆ ನಿಯಮ ಅನ್ವಯಿಸೋ ಲಿಪಿಗಳಲ್ಲಿ ದೇವನಾಗರಿ ಇತ್ತು, ಬಂಗಾಳಿ ಇತ್ತು, ಮಲಯಾಳಂ ಇತ್ತು, ತೆಲುಗೂ ಇತ್ತು. ಕನ್ನಡ ಇರಲಿಲ್ಲ. ಅಕ್ಕನ ಮನೆಗೆ ಕರೆ ಬಂದು ತಂಗಿಗೆ ಬರದೇ ಇದ್ದಂಗ ಅನಿಸಿತು ನಮಗೆ.

ಇಲ್ಲಿಯೇ ಗುಂಪಿನಲ್ಲಿ ಚರ್ಚೆ ಶುರುವಾತು. ನವೆಂಬರ್ 1ಕ್ಕೆ ಹತ್ತು ದಿನ ಉಳಿದಿತ್ತು. ನಡುವೆ ಇಂಟರ್ನಲ್ಸ್ ಬೇರೆ. “ಊರ ಹೆಸರು ಇಂಗ್ಲಿಷ್‌ನಲ್ಲಿ ಹಾಕಿಬಿಡ್ರಿ, ಸ್ಟೈಲಾಗೂ ಇರ್ತದ, ಹತ್ತು ನಿಮಿಷದ ಕೆಲಸ” ಅಂದರು ಸೀನಿಯರ್ ಒಬ್ಬರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಸಿನಿಮಾ ಟೀಸರ್‌ಗಳಲ್ಲಿ, ಮದುವೆ ವಿಡಿಯೊಗಳಲ್ಲಿ, ನಮ್ಮ ಫೆಸ್ಟ್‌ಗಳಲ್ಲಿ ಎಲ್ಲಾ ಕಡೆ ಅದೇ ನಡೆದಿದೆ. ಅಕ್ಷರ ಕುಣಿಯಬೇಕು ಅಂದ್ರ ಇಂಗ್ಲಿಷ್, ಸುಮ್ನೆ ನಿಲ್ಲಬೇಕು ಅಂದ್ರ ಕನ್ನಡ. ನಮಗೆ ಕಸಿವಿಸಿ ಆದದ್ದು ಅಲ್ಲೇ. ನಾವು ನಾಲ್ವರೂ ಇಂಗ್ಲಿಷ್ ಓದಿದವರೇ, ಇಂಗ್ಲಿಷ್ ಮೇಲೆ ನಮಗೆ ಸಿಟ್ಟಿಲ್ಲ. ಆದ್ರ 1973ರ ನವೆಂಬರ್ 1ರಂದು ಈ ರಾಜ್ಯಕ್ಕೆ ‘ಕರ್ನಾಟಕ’ ಅಂತ ಹೆಸರು ಬಂತು. ಹೆಸರಿನ ಹಬ್ಬವೇ ಆದ ದಿನ ನಮ್ಮೂರ ಹೆಸರು ನಮ್ಮ ಲಿಪಿಯಲ್ಲಿ ಬರೋಕೆ ಆಗೋದಿಲ್ಲ, ಕಾರಣ ಸಾಫ್ಟ್‌ವೇರಿಗೆ ಒತ್ತು ಗೊತ್ತಿಲ್ಲ ಅಂದ್ರ ಅದನ್ನ ಒಪ್ಪೋಕೆ ಮನಸ್ಸು ಬರಲಿಲ್ಲ. ಎಂಜಿನಿಯರಿಂಗ್ ಓದ್ತಿರೋದಾದರೂ ಯಾಕೆ?

ದಾರಿ ಸಿಕ್ಕಿದ್ದು ಇಂಕ್‌ಸ್ಕೇಪ್‌ನಲ್ಲಿ. ಅದು ಫ್ರೀ. ಅಲ್ಲಿ ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ ಅಂಥ ಮುಕ್ತ ಫಾಂಟ್ ಹಾಕಿ ಬರೆದರೆ ಒತ್ತಕ್ಷರ ಸರಿಯಾಗಿ ಮೂಡುತ್ತದೆ. ಆಮೇಲೆ ಪಾತ್ ಮೆನುವಿನಲ್ಲಿ ‘ಆಬ್ಜೆಕ್ಟ್ ಟು ಪಾತ್’ ಒತ್ತಿದ್ರ ಅಕ್ಷರ ಅಕ್ಷರವಾಗಿ ಉಳಿಯೋದಿಲ್ಲ, ಗೆರೆಯಾಗುತ್ತದೆ. ಈಗ ‘ಣಿ’ ಮತ್ತು ಕೆಳಗಿನ ಒತ್ತು ಎರಡನ್ನೂ ಆಯ್ದು ‘ಕಂಬೈನ್’ ಮಾಡಿದ್ರ ಅದು ಒಂದೇ ತುಂಡು. ಹೀಗೆ ನಾಲ್ಕು ಅಕ್ಷರಕ್ಕೆ ನಾಲ್ಕು ತುಂಡು ಮಾಡಿ, ಎಸ್‌ವಿಜಿ ಫೈಲ್ ಆಗಿ ಉಳಿಸಿ ಬ್ಲೆಂಡರ್‌ಗೆ ತಂದ್ವಿ. ಅಲ್ಲಿ ಪ್ರತಿ ತುಂಡು ಒಂದು ಬೇರೆ ವಸ್ತು. ಅದಕ್ಕೆ ಕೀಫ್ರೇಮ್ ಹಾಕೋಕೆ ಐ ಕೀ ಒತ್ತಿದ್ರ ಸಾಕು. ಒಂದು ಎಚ್ಚರ: ಗೆರೆ ಮಾಡಿದ ಮೇಲೆ ಕಾಗುಣಿತ ತಿದ್ದೋಕೆ ಬರೋದಿಲ್ಲ. ಅದಕ್ಕ ಗೆರೆ ಮಾಡೋಕಿಂತ ಮೊದಲು ಕನ್ನಡ ಚೆನ್ನಾಗಿ ಬಲ್ಲ ಒಬ್ಬರಿಗೆ ತೋರಿಸ್ರಿ.

ಅಕ್ಷರ ಒಡೆಯೋದು ಮುಗಿದ ಮೇಲೆ ಕುಣಿಸೋದು. ಐದೂ ಹೆಸರಿಗೆ ಒಂದೇ ಚಲನೆ ಹಾಕಬಹುದಿತ್ತು. ಆದ್ರ ಪ್ರತಿ ಊರಿಗೂ ಅದರದೇ ಒಂದು ನಡಿಗೆ ಇದೆಯಲ್ಲ, ಅದನ್ನೇ ತಗೊಳ್ಳೋಣ ಅಂತ ನಿರ್ಧಾರ ಮಾಡಿದ್ವಿ.

ಕಲಘಟಗಿ ಅಂದ ಕೂಡ್ಲೇ ತೊಟ್ಟಿಲು. ಬಣ್ಣದ ಚಿತ್ರ ಬರೆದ ಮರದ ತೊಟ್ಟಿಲು. ಅಂಬರೀಶ್ ಅವರು ಯಶ್–ರಾಧಿಕಾ ಅವರ ಮಗುವಿಗೆ ಅಂತ ಹೇಳಿ ಮಾಡಿಸಿದ್ದೂ ಕಲಘಟಗಿ ತೊಟ್ಟಿಲೇ. ಹೆಸರು ತೊಟ್ಟಿಲಿನ ಹಾಗೆ ತೂಗಬೇಕು ಅಂದ್ವಿ. ಇಲ್ಲಿ ನಮ್ಮ ಪಿಯುಸಿ ಫಿಸಿಕ್ಸ್ ಕೆಲಸಕ್ಕೆ ಬಂತು. ಎರಡು ಮೀಟರ್ ಹಗ್ಗದ ಲೋಲಕ ಅಂತ ಹಿಡಿದರೆ ಒಂದು ಪೂರ್ತಿ ತೂಗಿಗೆ ಸುಮಾರು 2.84 ಸೆಕೆಂಡು, ಅಂದ್ರ 68 ಫ್ರೇಮು. ಆ ತುದಿಯಿಂದ ಈ ತುದಿಗೆ 34. ಹಾಗಾಗಿ 0, 34, 68, 102ನೇ ಫ್ರೇಮುಗಳಲ್ಲಿ ಕೀಫ್ರೇಮ್: ಬಲಕ್ಕೆ 12 ಡಿಗ್ರಿ, ಎಡಕ್ಕೆ 9, ಬಲಕ್ಕೆ 6, ಎಡಕ್ಕೆ 3. ಆಮೇಲೆ ಸೊನ್ನೆಗೆ ತಂದು ನಿಲ್ಲಿಸಿದ್ವಿ. ಕೋನ ಕಡಿಮೆ ಆದರೂ ಸಮಯ ಬದಲಾಗೋದಿಲ್ಲ, ಅದೇ ಲೋಲಕದ ಗುಣ. ತಿರುಗೋ ಬಿಂದುವನ್ನ ಮಾತ್ರ ಅಕ್ಷರದ ನಡುವಿನಿಂದ ತೆಗೆದು ಮೇಲೆ, ಹಗ್ಗ ಕಟ್ಟೋ ಜಾಗಕ್ಕೆ ಒಯ್ಯಬೇಕು.

ನಡುವಿನ ಫ್ರೇಮುಗಳನ್ನ ಹೇಗೆ ತುಂಬಬೇಕು ಅನ್ನೋದು ಇನ್ನೊಂದು ಪ್ರಶ್ನೆ. ಲೀನಿಯರ್ ಇಟ್ಟರೆ ವೇಗ ಒಂದೇ ಸಮ, ತುದಿಯಲ್ಲಿ ಗೋಡೆಗೆ ಬಡಿದಂಗ ತಿರುಗುತ್ತದೆ. ಮಗು ಎದ್ದು ಅಳೋದು ಗ್ಯಾರಂಟಿ. ಬೆಝಿಯೆ ಇಟ್ಟು ಎರಡೂ ತುದಿಯಲ್ಲಿ ಕರ್ವ್ ಅನ್ನ ಚಪ್ಪಟೆ ಮಾಡಿದ್ರ ನಿಧಾನ ಶುರುವಾಗಿ, ನಡುವೆ ಜೋರಾಗಿ, ಮತ್ತೆ ನಿಧಾನವಾಗಿ ನಿಲ್ಲುತ್ತದೆ. ಇದರ ಲೆಕ್ಕ ಸುಲಭ. ಕಾಲುಭಾಗ ಸಮಯ ಕಳೆದಾಗ ಲೀನಿಯರ್ ಶೇಕಡಾ 25 ದೂರ ಹೋಗಿರುತ್ತದೆ. 3ಟಿ² − 2ಟಿ³ ಅನ್ನೋ ನಯವಾದ ಕರ್ವ್ ಶೇಕಡಾ 15.6 ಹೋಗಿರುತ್ತದೆ. ನಿಜವಾದ ಲೋಲಕ ಹೋಗೋದು ಶೇಕಡಾ 14.6. ಒಂದು ಶೇಕಡಾ ಅಷ್ಟೇ ವ್ಯತ್ಯಾಸ! ಗ್ರಾಫ್ ಎಡಿಟರಿನ ಆ ಕರ್ವ್ ನೋಡೋಕೆ ಸೊಗಸಾಗಿದೆ ಅನ್ನೋದಕ್ಕಿಂತ, ಅದು ತೊಟ್ಟಿಲಿನ ಹತ್ತಿರ ಹತ್ತಿರ ಇದೆ ಅನ್ನೋದು ನಮಗೆ ಖುಷಿ ಕೊಟ್ಟಿತು.

ನವಲಗುಂದಕ್ಕೆ ಇದರ ಉಲ್ಟಾ. ಅಲ್ಲಿನ ಜಮಖಾನ ಭೌಗೋಳಿಕ ಸೂಚಿ ಪಡೆದ ಕಲೆ. ನೇಯೋರು ಹೆಣ್ಮಕ್ಕಳು, ಮಗ್ಗ ನಿಂತ ಮಗ್ಗ, ವಿನ್ಯಾಸದಲ್ಲಿ ನವಿಲು, ಚೌಕ, ಮೆಟ್ಟಿಲಿನಂಥ ಅಂಚು. ಈಗ ನೇಯುವ ಮನೆಗಳು ಬಹಳ ಕಡಿಮೆ ಉಳಿದಿವೆ. ಜಮಖಾನದ ಮೇಲೆ ಗುಂಡು ಗೆರೆ ಬರೋದಿಲ್ಲ, ಎಲ್ಲಾ ಎಳೆ ಲೆಕ್ಕ, ನಮ್ಮ ಪಿಕ್ಸೆಲ್ ಇದ್ದಂಗ. ‘ನವಲಗುಂದ’ವನ್ನ 40 ಸಾಲಿನ ಚೌಕಳಿಯಲ್ಲಿ ಬರೆದು, ನೇಯ್ದ ಹಾಗೆ ಕೆಳಗಿನಿಂದ ಒಂದೊಂದೇ ಸಾಲು ಮೂಡೋ ಹಾಗೆ ಮಾಡಿದ್ವಿ. ಪ್ರತಿ ಸಾಲಿಗೆ ಎರಡು ಫ್ರೇಮು, ಒಟ್ಟು 80. ಇಲ್ಲಿ ನಡುವಿನದನ್ನ ತುಂಬೋದೇ ಬೇಡ. ಬ್ಲೆಂಡರ್‌ನಲ್ಲಿ ‘ಕಾನ್‌ಸ್ಟಂಟ್’ ಅಂತ ಇಟ್ಟರೆ ಮುಂದಿನ ಕೀಫ್ರೇಮ್ ಬರೋತನಕ ಬೆಲೆ ಹಾಗೇ ಇದ್ದು ಒಮ್ಮೆಲೇ ಬದಲಾಗುತ್ತದೆ. ಎಳೆ ಕೂತಂಗ. ಇದರಿಂದ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ನ, ವ, ಗ, ದ ನಾಲ್ಕಕ್ಕೂ ಮೇಲೆ ತಲೆಕಟ್ಟು ಇದೆ. ಮೇಲಿನಿಂದ ಇಳಿಸಿಕೊಂಡು ಬಂದ್ರ ಶುರುವಿನಲ್ಲಿ ಎಲ್ಲಾ ಒಂದೇ ತರ ಕಾಣಸ್ತಾವ. ಕೆಳಗಿನಿಂದ ಏರಿದ್ರ ಯಾವ ಅಕ್ಷರ ಅಂತ ಬೇಗ ಗೊತ್ತಾಗುತ್ತದೆ.

ಕುಂದಗೋಳಕ್ಕೆ ಸಂಗೀತ ಬಿಟ್ಟು ಬೇರೆ ಯೋಚನೆ ಮಾಡೋ ಹಂಗೇ ಇರಲಿಲ್ಲ. ಸವಾಯಿ ಗಂಧರ್ವರು 1886ರಲ್ಲಿ ಹುಟ್ಟಿದ ಊರು ಅದು. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಇಬ್ಬರೂ ಅವರ ಶಿಷ್ಯರು. ಹಾರ್ಮೋನಿಯಂನಲ್ಲಿ ಒಂದು ಸ್ವರ ಬಿಟ್ಟು ಇನ್ನೊಂದು ಸ್ವರಕ್ಕೆ ಹಾರಬೇಕು. ಕಂಠದಲ್ಲಿ ಹಾಗಲ್ಲ, ಮೀಂಡ್ ತೆಗೆದು ಜಾರಿಕೊಂಡು ಹೋಗಬಹುದು. ನವಲಗುಂದದ ಕೀಫ್ರೇಮ್ ಹಾರ್ಮೋನಿಯಂ ಆದರೆ ಕುಂದಗೋಳದ್ದು ಮೀಂಡ್. ನಾಲ್ಕು ಅಕ್ಷರಗಳು 12 ಫ್ರೇಮಿನ ಅಂತರದಲ್ಲಿ ಒಂದರ ಹಿಂದೆ ಒಂದು ಹೊರಡುತ್ತವೆ, ಪ್ರತಿಯೊಂದೂ 36 ಫ್ರೇಮು ಚಲಿಸುತ್ತದೆ. ಹಿಂದಿನದು ನಿಲ್ಲೋಕಿಂತ ಮೊದಲೇ ಮುಂದಿನದು ಹೊರಟಿರುತ್ತದೆ. 72 ಫ್ರೇಮಿಗೆ ಎಲ್ಲಾ ಸೇರಿ ನಿಲ್ಲುತ್ತವೆ.

‘ಕರ್ನಾಟಕ’ದ ತೊಡಕು ಬೇರೆ. ಟೈಪ್ ಮಾಡುವಾಗ ‘ರ’ ಎರಡನೆಯದು, ಕಾಣುವಾಗ ಅದು ಅರ್ಕಾವತ್ತಾಗಿ ‘ನಾ’ ಆದ ಮೇಲೆ ಕೂಡುತ್ತದೆ. ಟೈಪ್‌ರೈಟರ್ ಎಫೆಕ್ಟಿನಲ್ಲಿ ‘ರ’ ಒಂದು ಜಾಗದಲ್ಲಿ ಕಂಡು, ಮಾಯವಾಗಿ, ಬೇರೆ ಜಾಗದಲ್ಲಿ ಬೇರೆ ರೂಪದಲ್ಲಿ ಏಳುತ್ತದೆ. ನಾವು ‘ರ್ನಾ’ ಇಡೀ ಒಂದು ತುಂಡು ಮಾಡಿದ್ವಿ. ಏಳು ಸಂಕೇತ, ನಾಲ್ಕು ಅಕ್ಷರ, ಮುಗೀತು.

ಅಣ್ಣಿಗೇರಿಯನ್ನ ಕೊನೆಗೆ ಇಟ್ಟುಕೊಂಡಿದ್ವಿ, ಯಾಕಂದ್ರ ಅದು ಆದಿಕವಿ ಪಂಪನ ಊರು. 10ನೇ ಶತಮಾನದ ಕವಿ, ಎರಡು ಮಹಾಕಾವ್ಯ ಬರೆದವನು. ಅವನ ತಮ್ಮ ಜಿನವಲ್ಲಭ ಕುರ್ಕ್ಯಾಲದ ಬಂಡೆಯ ಮೇಲೆ ಕನ್ನಡ, ಸಂಸ್ಕೃತ, ತೆಲುಗು ಮೂರರಲ್ಲೂ ಬರೆಸಿದ ಶಾಸನ ಈಗಿನ ತೆಲಂಗಾಣದಲ್ಲಿದೆ. ಉಳಿಯಲ್ಲಿ ಕಲ್ಲು ಕಡಿದು ಒತ್ತನ್ನ ಅಕ್ಷರದ ಕೆಳಗೆ ಕೂಡಿಸಿದವರು ಸಾವಿರ ವರ್ಷದ ಹಿಂದಿನವರು. ಈ ಹೆಸರಿಗೆ ನಾವು ಎರಡು ಪ್ರತಿ ಮಾಡಿದ್ವಿ. ಒಂದರಲ್ಲಿ ಅಕ್ಷರಗಳು ಜೋರಾಗಿ ಬಂದು, ಮಿಂಚಿ, ಒಂದು ಸೆಕೆಂಡಿನಲ್ಲಿ ಹೊರಟು ಹೋಗ್ತಾವ. ಇನ್ನೊಂದರಲ್ಲಿ ಒಂದೊಂದಾಗಿ ಬಂದು ನಿಂತು, ನಾಲ್ಕು ಸೆಕೆಂಡು ಅಲುಗದೇ ಇರ್ತಾವ. ಮೊದಲನೆಯದು ರೀಲ್ಸ್ ತರ ಇತ್ತು. ನಮ್ಮಲ್ಲಿ ಇಬ್ಬರಿಗೆ ಅದೇ ಇಷ್ಟ, ಇಬ್ಬರಿಗೆ ಎರಡನೆಯದು.

ತೀರ್ಮಾನ ಕೊಟ್ಟದ್ದು ನಮ್ಮಲ್ಲೊಬ್ಬನ ಆಯಿ. ಅಣ್ಣಿಗೇರಿಯವರು. ಸಾಲಿಗೆ ಹೋದವರಲ್ಲ, ದೊಡ್ಡವರಾದ ಮೇಲೆ ಸಾಕ್ಷರತಾ ಕ್ಲಾಸಿನಲ್ಲಿ ಓದೋಕೆ ಕಲಿತವರು. ಈಗಲೂ ಬೆರಳಿಟ್ಟು, ತುಟಿ ಅಲುಗಿಸಿ ಓದ್ತಾರೆ. ಶೂಟಿಂಗಿಗೆ ಅಂತ ಅವರ ಮನೆಗೆ ಹೋದಾಗ ಲ್ಯಾಪ್‌ಟಾಪ್ ತೆಗೆದು ಎರಡೂ ತೋರಿಸಿದ್ವಿ.

“ಆಯಿ, ಯಾವುದು ಚೊಲೋ ಅನ್ನಸ್ತದ?” ಅಂತ ಮೊಮ್ಮಗ ಕೇಳಿದ.

“ಓಡೋ ಅಕ್ಷರ ಹೆಂಗ ಓದ್ಲೋ ತಮ್ಮಾ? ನಾ ‘ಅ’ ಅನ್ನೋದ್ರಾಗ ಊರ ಹೊಂಟ ಹೋತು” ಅಂದರು. ಎರಡನೆಯದಕ್ಕೆ ಬೆರಳು ಪರದೆ ಮೇಲೇ ಇಟ್ಟರು. ಅ. ಣ್ಣಿ. ಗೇ. ರಿ. ಪ್ರತಿ ಅಕ್ಷರ ಬಂದಾಗ ಬೆರಳೂ ಮುಂದಕ್ಕೆ ಹೋತು. ಮುಗಿದ ಮೇಲೆ ಒಟ್ಟಿಗೆ “ಅಣ್ಣಿಗೇರಿ” ಅಂತ ಅಂದು ನಕ್ಕರು. “ಒಂದ ಣ ಮ್ಯಾಲ, ಒಂದ ಣ ಕೆಳಗ, ಕೂಡೇ ಬಂದಾವ ನೋಡು. ಅದ ಸರಿ.”

ಅವರ ಮಾತು ಕೇಳಿದ ಮೇಲೆ ನಮ್ಮಲ್ಲಿ ವಾದ ಉಳೀಲಿಲ್ಲ. ಐದೂ ಟೈಟಲ್‌ಗೆ ಕೊನೆಯಲ್ಲಿ 96 ಫ್ರೇಮು ಸುಮ್ನೆ ನಿಲ್ಲೋಕೆ ಬಿಟ್ಟಿದ್ವಿ. ವಿಡಿಯೊ ಸ್ವಲ್ಪ ಉದ್ದ ಆತು. ನಮ್ಮಂಥವರಿಗೆ ಕನ್ನಡ ಹೆಸರು ಒಂದು ಡಿಸೈನು, ಒಂದು ನೋಟಕ್ಕೆ ಮುಗೀತದ. ಅವರಂಥವರಿಗೆ ಅದು ಈಗಲೂ ಒಂದೊಂದೇ ಅಕ್ಷರ ಹಿಡಿದು ಏರೋ ಮೆಟ್ಟಿಲು. ಸರಿ ಬಿಡಿಸಿ ಕೊಟ್ಟರೆ ಏರ್ತಾರೆ, ‘ಣ್’ ಒಂದು ಕಡೆ ‘ಣಿ’ ಒಂದು ಕಡೆ ಮಾಡಿಟ್ಟರೆ ಅಲ್ಲೇ ನಿಲ್ತಾರೆ. ಅಷ್ಟು ಕಷ್ಟಪಟ್ಟು ಕಲಿತ ಓದಿನಿಂದ ಅವರು ತಮ್ಮ ಊರ ಹೆಸರನ್ನ ಮೊಮ್ಮಗನ ಲ್ಯಾಪ್‌ಟಾಪಿನಲ್ಲಿ ಓದಿದರು. ಇಂಗ್ಲಿಷ್‌ನಲ್ಲಿ ಹಾಕಿದ್ದರೆ ಬರೀ ನೋಡ್ತಿದ್ದರು.

ಇನ್ನು ಜೂನಿಯರ್‌ಗಳಿಗೆ ನಾಲ್ಕು ಮಾತು. ಹಳೇ ನುಡಿ ಆಸ್ಕಿ ಫೈಲ್ ಸಿಕ್ಕರೆ ಮೊದಲು ಯೂನಿಕೋಡಿಗೆ ಬದಲಿಸಿಕೊಳ್ರಿ. ಅಕ್ಷರ ಒಡೆಯುವಾಗ ಬಾಯಲ್ಲಿ ಹೇಳಿಕೊಂಡು ಒಡೀರಿ, ಬಾಯಿಗೆ ಒಂದಾಗಿ ಬಂದದ್ದು ಒಂದು ತುಂಡು. ಕೀಫ್ರೇಮ್ ಕಡಿಮೆ ಹಾಕ್ರಿ. ಎರಡರಲ್ಲಿ ಆಗೋದಕ್ಕೆ ಆರು ಬೇಡ. ನಿಲ್ಲೋ ಹೊತ್ತನ್ನ ಓದು ಬಲ್ಲ ಗೆಳೆಯರ ಮುಂದೆ ಅಳೀಬ್ಯಾಡ್ರಿ, ನಿಧಾನ ಓದೋರ ಮುಂದೆ ಅಳೀರಿ.

ನಮ್ಮ ಬ್ಲೆಂಡರ್ ಫೈಲುಗಳು, ಎಸ್‌ವಿಜಿಗಳು ಎಲ್ಲಾ ಬಳಗದ ಡ್ರೈವ್‌ನಲ್ಲಿವೆ. ಇಡೀ ಜಿಲ್ಲೆಯ ಊರುಗಳ ಹೆಸರನ್ನ ಹೀಗೆ ತುಂಡು ಮಾಡಿ ಇಡಬೇಕು ಅನ್ನೋ ಆಸೆ ಇದೆ. ಯರಗುಪ್ಪಿಯ ‘ಪ್ಪಿ’, ಮಿಶ್ರಿಕೋಟಿಯ ‘ಶ್ರಿ’ ಆಗಲೇ ಆಗಿವೆ. ಮೊರಬ, ಶಲವಡಿ, ಸಂಶಿ ಬಾಕಿ. ನಿಮ್ಮೂರಿನ ಹೆಸರು ಕನ್ನಡದಲ್ಲಿ ಬರೆದು ಕಳಸ್ರಿ. ಎಷ್ಟು ಒತ್ತಿದ್ದರೂ ಪರವಾಗಿಲ್ಲ.